ಇಲ್ಲದ ಮೀನು, ತೆಗೆಯದ ಡಬ್ಬಿ

ನಾನು ಸುಮ್ಮನೆ ಕೂತಿರುವ ಜನ. ಆದರೂ ಏನಾದರೊಂದು ಆಗುತ್ತೆ. ನೀರಿನ ಹತ್ತಿರ ಹೋದರಂತೂ ಆಗಿಯೇ ಆಗುತ್ತೆ. ಎರಡು ಸ್ಪ್ರಿಂಗು, ಅಂದರೆ ಎರಡು ವಸಂತ ಕಳೆಯಿತು, ಭಾನುವಾರ ತಪ್ಪದೆ ಕೆರೆಗೆ ಹೋಗುತ್ತಿದ್ದೇನೆ. ಯಾರ ತಂಟೆಯೂ ಬೇಡ ಅಂತಲೇ ಹೋಗುತ್ತೇನೆ. ವಾಪಸ್ ಬರುವಷ್ಟರಲ್ಲಿ ಯಾರಾದರೂ ನಕ್ಕಿರುತ್ತಾರೆ. ಹೆಚ್ಚಾಗಿ ನನ್ನನ್ನು ನೋಡಿಯೇ.

ಮೊದಲೇ ಒಂದು ವಿಷಯ ಹೇಳಿಬಿಡಬೇಕು. ನನ್ನ ಹೆಂಡತಿ ಹೋಗಿ ಒಂದೂವರೆ ವರ್ಷ ಆಯಿತು. ಬೆಳಗ್ಗೆ ಎದೆ ಹಿಡಿದಂಗೆ ಆಗ್ತದೆ ಅಂದಳು. ಮಧ್ಯಾಹ್ನಕ್ಕೆ ಇರಲಿಲ್ಲ. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಆಮೇಲೆ ಫ್ರೀಜರಿನ ತಳದಲ್ಲಿ ಒಂದು ಡಬ್ಬಿ ಸಿಕ್ಕಿತು. ಐಸ್‌ಕ್ರೀಮ್ ಡಬ್ಬಿ. ಪ್ಲಾಸ್ಟಿಕ್ ಕವರು ಸುತ್ತಿ, ಎರಡು ರಬ್ಬರ್ ಬ್ಯಾಂಡು ಹಾಕಿ, ಮೇಲೆ ಒಂದು ಚೀಟಿ ಅಂಟಿಸಿದ್ದಳು. ಅವಳದೇ ಅಕ್ಷರ. ‘ಮುಟ್ಟಬೇಡಿ.’

ಒಳಗೆ ಏನಿದೆ ಅಂತ ನನಗೆ ನೋಡದೆಯೇ ಗೊತ್ತಾಯಿತು. ಅವಳ ಮೀನು ಸಾರಿನ ಮಸಾಲೆ ಪುಡಿ. ನಾನು ಅಮೆರಿಕದ ಮಿಲ್ಪಿಟಾಸಿನ ಒಂದು ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದವನು. ಮನೆಯಲ್ಲಿ ಮಾತ್ರ ಸೌಟು ಮುಟ್ಟುವ ಹಾಗಿರಲಿಲ್ಲ. “ನಿಮ್ದು ಹೋಟ್ಲು ಕೈ. ಆಚೆ ಕೂತ್ಕಳಿ” ಅನ್ನುತ್ತಿದ್ದಳು. ಆ ಸಾರಿಗೆ ಏನೇನು ಹಾಕುತ್ತಾಳೆ ಅಂತ ಎಷ್ಟು ಸಲ ಕೇಳಿದರೂ ಹೇಳಲಿಲ್ಲ. ನಾನು ರುಚಿ ನೋಡಿ ನೋಡಿ ಅರ್ಧ ಕಂಡುಹಿಡಿದಿದ್ದೆ. ಇನ್ನರ್ಧ ಆ ಡಬ್ಬಿಯಲ್ಲಿತ್ತು.

ತೆಗೆದರೆ ವಾಸನೆ ಹೋಗುತ್ತೆ. ಅದಕ್ಕೆ ತೆಗೆಯಲಿಲ್ಲ. ಒಂದು ಸಾರಿಗಾಗುವಷ್ಟು ಇರಬಹುದು, ಅಷ್ಟೇ. ಅದನ್ನು ಅಂಗಡಿ ಮೀನಿಗೆ ಹಾಕಬಾರದು, ನನ್ನ ಕೈಯಾರೆ ಹಿಡಿದ ಮೀನಿಗೇ ಹಾಕಬೇಕು ಅಂತ ಅಂದುಕೊಂಡೆ. ಯಾಕೆ ಅಂದುಕೊಂಡೆನೋ ಗೊತ್ತಿಲ್ಲ. ಅಂದುಕೊಂಡಿದ್ದು ಅಂದುಕೊಂಡಂಗೆ. ಇನ್ನು ಮೀನು ಹಿಡಿಯಬೇಕು. ಮೀನು ಹಿಡಿಯಲು ನನಗೆ ಬರುತ್ತಿರಲಿಲ್ಲ.

ಆರು ನಿಂಬೆಹಣ್ಣು

ಯೂನಿಯನ್ ಸಿಟಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಮೆರಿಕನ್ ಯಜಮಾನರು ಇದ್ದಾರೆ. ಎಂಬತ್ತಕ್ಕೆ ಎರಡೋ ಮೂರೋ ಕಮ್ಮಿ. ಎದೆಯವರೆಗೆ ಬಿಳಿ ಗಡ್ಡ. ಒಬ್ಬರೇ ಇರುವುದು. ನಲವತ್ತು ವರ್ಷ ಲಾರಿ ಓಡಿಸಿದವರು. ಹುಟ್ಟಿದ್ದು ಮಿನೆಸೋಟಾದಲ್ಲಿ. ಅಲ್ಲಿ ಊರಿಗಿಂತ ಕೆರೆ ಜಾಸ್ತಿಯಂತೆ.

ಹೆಂಡತಿ ಹೋಗಿ ಎರಡು ತಿಂಗಳಾಗಿತ್ತು, ಹೋಟೆಲ್ ಕೆಲಸವನ್ನೂ ಬಿಟ್ಟಿದ್ದೆ. ಕಸದ ಡಬ್ಬ ರಸ್ತೆಗೆ ಇಡಲು ಹೋದವನು ಅಲ್ಲೇ ನಿಂತುಬಿಟ್ಟಿದ್ದೆ. ಯಜಮಾನರು ಬೇಲಿ ಆಚೆಯಿಂದ ಕೂಗಿದರು. ಅವರದು ಇಂಗ್ಲಿಷು, ನನ್ನದು ಅಡುಗೆಮನೆ ಇಂಗ್ಲಿಷು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

“ಎಷ್ಟೊತ್ತಿಂದ ನಿಂತಿದೀಯ?”

“ಗೊತ್ತಿಲ್ಲ ಸರ್.”

“ಮೀನು ಹಿಡಿತೀಯಾ?”

“ಬೇಯಿಸ್ತೀನಿ.”

“ಸಾಕು. ಭಾನುವಾರ ಬೆಳಗ್ಗೆ ಐದಕ್ಕೆ ಬಾ.”

ಹೋದೆ. ಅವರ ಪಿಕಪ್ ಗಾಡಿ ನಿಂತಿತ್ತು. ಹಿಂದೆ ಟ್ರೈಲರು, ಅದರ ಮೇಲೆ ಸಣ್ಣ ದೋಣಿ. ಹೊಸ ಕೆಲಸಕ್ಕೆ ಹೊರಟ ಗಾಡಿ. ಹಾಗೇ ಹತ್ತಲು ಮನಸ್ಸು ಬರಲಿಲ್ಲ. ಮನೆಗೆ ಓಡಿ ಆರು ನಿಂಬೆಹಣ್ಣು ತಂದೆ. ಗಾಡಿಯ ನಾಲ್ಕು ಚಕ್ರಕ್ಕೆ ನಾಲ್ಕು, ಟ್ರೈಲರಿನ ಎರಡು ಚಕ್ರಕ್ಕೆ ಎರಡು ಇಟ್ಟೆ.

ಯಜಮಾನರು ಇಳಿದು ಬಂದರು. “ಇದೇನು?”

“ಸೇಫ್ಟಿ.”

ಬೇರೆಯವರಾಗಿದ್ದರೆ ನಗುತ್ತಿದ್ದರು. ಅವರು ನಗಲಿಲ್ಲ. ಟಾರ್ಚು ಹಿಡಿದು ಒಂದು ಸುತ್ತು ಬಂದರು. ಹಿಂದಿನ ಎಡ ಚಕ್ರದ ನಿಂಬೆಹಣ್ಣು ಸ್ವಲ್ಪ ಜರುಗಿತ್ತು. ಬಗ್ಗಿ, ಸೊಂಟ ಹಿಡಿದುಕೊಂಡು, ಅದನ್ನು ಸರಿಯಾಗಿ ಇಟ್ಟರು. ಆಮೇಲೆ ಗಾಡಿ ಬಿಟ್ಟರು. ಪಚಕ್ ಅಂತ ಆರೂ ಒಡೆಯಿತು. “ಇದು ಮೊದಲೇ ಗೊತ್ತಿದ್ದಿದ್ರೆ ನನ್ನ ಎಷ್ಟು ಟೈರು ಉಳೀತಿತ್ತು” ಅಂದರು.

ಅವತ್ತು ಅವರಿಗೆ ನಾಲ್ಕು ಮೀನು ಸಿಕ್ಕಿತು. ನನಗೆ ಒಂದೂ ಇಲ್ಲ. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಅವರ ಹಿತ್ತಲ ಗಿಡದ್ದೇ ಒಂದು ಚೀಲ ನಿಂಬೆಹಣ್ಣು. ಮನೆ ಮುಂದೆ ಒಂದು ಸಲ, ದೋಣಿ ನೀರಿಗೆ ಇಳಿಸುವ ಇಳಿಜಾರಿನಲ್ಲಿ ಇನ್ನೊಂದು ಸಲ. ಅಲ್ಲಿ ಸಾಲಾಗಿ ಗಾಡಿಗಳು ನಿಂತಿರುತ್ತವೆ. ಎಲ್ಲ ನಮ್ಮನ್ನೇ ನೋಡುತ್ತಿದ್ದರು. ಯಜಮಾನರ ಮೀನಿನ ಪೆಟ್ಟಿಗೆಯನ್ನೂ ನೋಡುತ್ತಿದ್ದರು. ನಾನು ಒಡೆದ ನಿಂಬೆಹಣ್ಣು ಹೆಕ್ಕಿ ಕಸದ ಬುಟ್ಟಿಗೆ ಹಾಕುವುದನ್ನೂ ನೋಡುತ್ತಿದ್ದರು.

ಏಪ್ರಿಲ್ ಹೊತ್ತಿಗೆ, ನಮ್ಮ ಮುಂದಿನ ಗಾಡಿಯ ಎತ್ತರದ ಮನುಷ್ಯ ಇಳಿದು ನಮ್ಮ ಕಿಟಕಿ ಹತ್ತಿರ ಬಂದ. ಟೋಪಿ ತೆಗೆದ. “ಒಂದು ನಿಂಬೆಹಣ್ಣು ಜಾಸ್ತಿ ಇದೆಯಾ? ಇವತ್ತು ಐದೇ ತಂದಿದ್ದೀನಿ.”

ಇಲ್ಲದ ಮೀನು

ಕೆರೆ ಇರುವುದು ಲಿವರ್‌ಮೋರ್ ದಾಟಿ ಗುಡ್ಡಗಳ ನಡುವೆ. ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರು. ಉದ್ದಕ್ಕೆ ಹೋಗುತ್ತಲೇ ಇರುತ್ತೆ. ಮಾರ್ಚಿನಲ್ಲಿ ಸುತ್ತ ಹಸಿರು, ಮೇ ಬಂದರೆ ಎಲ್ಲ ಒಣ ಹುಲ್ಲು. ಆ ನಡುವಿನ ಎರಡು ಮೂರು ತಿಂಗಳು ಮೀನು ದಡದ ಕಡೆ ಬರುತ್ತೆ.

ಯಜಮಾನರು ಮಾಡುವುದು ಜಿಗ್ಗು. ಬಟಾಣಿ ಗಾತ್ರದ ಒಂದು ಸೀಸದ ಗುಂಡು, ಅದರಲ್ಲೇ ಕೊಕ್ಕೆ, ಕೊಕ್ಕೆಗೆ ಎರೆಹುಳು. ನೀರಿನ ತಳದವರೆಗೆ ಬಿಡಬೇಕು. ಸ್ವಲ್ಪ ಎತ್ತಬೇಕು. ಬಿಡಬೇಕು. ಎತ್ತಬೇಕು. ಬಿಡಬೇಕು. ಅಷ್ಟೇ ಕೆಲಸ. ಕೆಳಗೆ ಏನೋ ಗಾಯವಾದ ಪ್ರಾಣಿ ಕುಂಟುತ್ತಿದೆ ಅಂತ ಮೀನಿಗೆ ಅನ್ನಿಸಬೇಕು.

ನಾನು ಎತ್ತಿದರೆ ಪರೋಟ ಹಿಟ್ಟು ಬಡಿದ ಹಾಗೆ ಎತ್ತುತ್ತೇನೆ. “ಮೆತ್ತಗೆ” ಅನ್ನುತ್ತಾರೆ. “ಪಾತ್ರೆ ಮುಚ್ಚಳ ಎತ್ತಿ ಅನ್ನ ಬೆಂದಿದೆಯಾ ಅಂತ ನೋಡ್ತೀಯಲ್ಲ, ಹಾಗೆ.” ಮೆತ್ತಗೆ ಎತ್ತಿದರೆ ಸತ್ತ ಹಾಗೆ ಇರುತ್ತೆ. ಯಾವ ಮೀನೂ ತಿರುಗಿ ನೋಡಲ್ಲ.

ಅವರ ಕೈಯೇ ಬೇರೆ. ಅವರ ಬಲಗೈ ನಡುಗುತ್ತೆ. ಡಾಕ್ಟರು ಅದಕ್ಕೆ ಮಾತ್ರೆ ಕೊಟ್ಟಿದ್ದಾರೆ. ಭಾನುವಾರ ಬೆಳಗ್ಗೆ ಮಾತ್ರ ಆ ಮಾತ್ರೆ ತಗೊಳಲ್ಲ. ಯಾಕೆ ಸರ್ ಅಂದರೆ, “ತಗೊಂಡ್ರೆ ಮೀನು ಬರಲ್ಲ” ಅಂತಾರೆ. ನಿಜ. ಆ ನಡುಕ ದಾರದಲ್ಲಿ ಇಳಿದು ತಳಕ್ಕೆ ಹೋಗುತ್ತೆ. ಎರೆಹುಳು ಅಲ್ಲಿ ಕುಣಿಯುತ್ತೆ. ಕಾಯಿಲೆಯನ್ನೇ ಕಸುಬು ಮಾಡಿಕೊಂಡ ಮನುಷ್ಯನನ್ನು ನಾನು ಬೇರೆ ನೋಡಿಲ್ಲ.

ಆದರೆ ಅವರು ಹಿಡಿಯಲು ಕೂತಿರುವುದು ವಾಲೈ ಅನ್ನುವ ಮೀನನ್ನು. ಅವರ ಊರಿನ ಮೀನು. ಗಾಜಿನಂಥ ಕಣ್ಣಂತೆ, ಬೆಳಕು ಬಿಟ್ಟರೆ ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತಂತೆ. ಅದರ ರುಚಿ ಹೇಳುವಾಗ ಅವರು ಟೋಪಿ ತೆಗೆಯುತ್ತಾರೆ.

“ಈ ಕೆರೇಲಿ ವಾಲೈ ಎಲ್ಲಿರುತ್ತೆ ಸರ್?”

“ಈ ಕೆರೇಲಿ ಇಲ್ಲ.”

“ಪಕ್ಕದ ಕೆರೇಲಿ?”

“ಇಲ್ಲ. ಈ ಕಡೆ ಬಂದು ಐವತ್ತು ವರ್ಷ ಆಯ್ತು, ಒಂದೂ ನೋಡಿಲ್ಲ.”

“ಮತ್ತೆ?”

“ನಂಗೆ ಬರೋದು ವಾಲೈ ಹಿಡಿಯೋದೊಂದೇ” ಅಂದು ಜಿಗ್ಗು ಎತ್ತಿದರು. ಬಿಟ್ಟರು. ಎತ್ತಿದರು.

ಬರುವುದೆಲ್ಲ ಬಾಸ್ ಮೀನು. ಒಂದೊಂದನ್ನೂ ಎತ್ತಿ, ಬಿಸಿಲಿಗೆ ಹಿಡಿದು, ಕಣ್ಣು ನೋಡುತ್ತಾರೆ. “ವಾಲೈ ಅಲ್ಲ” ಅಂತ ಪೆಟ್ಟಿಗೆಗೆ ಹಾಕುತ್ತಾರೆ. ಐದು ಹಿಡಿದರೆ ನಿಲ್ಲಿಸಬೇಕು, ಕಾನೂನು. ಒಂದು ದಿನ ಒಂದು ಗಂಟೆಯೊಳಗೆ ಐದೂ ಹಿಡಿದರು. ಗಾಳದ ಕೋಲು ಮಡಚಿಟ್ಟು ನಿಟ್ಟುಸಿರು ಬಿಟ್ಟರು. “ಇವತ್ತೂ ಸಿಗಲಿಲ್ಲ ನೋಡು.”

ನಾನು ಬರಿಗೈಯಲ್ಲಿ ಕೂತು ಅವರಿಗೆ ಸಮಾಧಾನ ಹೇಳಿದೆ.

ಬಿಹೈಂಡ್

ಹೋಟೆಲ್ ಅಡುಗೆಮನೆ ಇಕ್ಕಟ್ಟು. ಬಿಸಿ ಎಣ್ಣೆ ಹಿಡಿದು ಒಬ್ಬರ ಹಿಂದೆ ಒಬ್ಬರು ಓಡಾಡುತ್ತಿರುತ್ತಾರೆ. ಹಿಂದೆ ಹೋಗುವವನು “ಬಿಹೈಂಡ್!” ಅಂತ ಕೂಗಬೇಕು. ಬಿಸಿ ಇದ್ದರೆ “ಹಾಟ್!” ಅಂತಲೂ ಕೂಗಬೇಕು. ಮುಂದೆ ಇರುವವನು ತಿರುಗದೆ “ಹರ್ಡ್!” ಅನ್ನಬೇಕು. ಕೇಳಿಸಿತು ಅಂತ. ಇಪ್ಪತ್ತಾರು ವರ್ಷ ಕೂಗಿದ ಬಾಯಿ. ಮನೆಯಲ್ಲೂ ಕೂಗುತ್ತಿದ್ದೆ. ಹೆಂಡತಿ ಪಲ್ಯಕ್ಕೆ ಹೆಚ್ಚುತ್ತಿರುವಾಗ ನೀರಿನ ಲೋಟ ಹಿಡಿದು “ಬಿಹೈಂಡ್!” ಅಂದರೆ, “ಗೊತ್ತು, ಮೂವತ್ತು ವರ್ಷದಿಂದ ಹಿಂದೇನೇ ಅವ್ರೆ” ಅನ್ನುತ್ತಿದ್ದಳು.

ದೋಣಿಯಲ್ಲೂ ಅದೇ ಆಯಿತು. ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡು ಯಜಮಾನರ ಹಿಂದಿನಿಂದ ದಾಟುತ್ತಿದ್ದೆ. ಅವರ ಕೋಲು ಬಾಗಿತ್ತು, ಒಳ್ಳೇ ದೊಡ್ಡದೇ ಬಿದ್ದಿತ್ತು. ನಾನು ಗಟ್ಟಿಯಾಗಿ “ಹಾಟ್! ಬಿಹೈಂಡ್!” ಅಂದೆ.

ಯಜಮಾನರು ಧೊಪ್ಪನೆ ದೋಣಿಯ ತಳಕ್ಕೆ ಮಲಗಿದರು. ಮೀನು ಹೋಯಿತು. ಟೀ ಹೋಯಿತು. ಇಪ್ಪತ್ತು ಅಡಿ ಆಚೆ ಇನ್ನೊಂದು ದೋಣಿಯಲ್ಲಿ ಗಂಡ ಹೆಂಡತಿ ಇಬ್ಬರೂ ಮಲಗಿದರು.

“ಏನು ಬಂತು ಹಿಂದಿನಿಂದ?” ಯಜಮಾನರು ಮಲಗಿದಲ್ಲಿಂದಲೇ ಕೇಳಿದರು.

“ನಾನೇ ಸರ್. ಟೀ.”

ಎದ್ದು ಕೂತರು. ಬೈಯಲಿಲ್ಲ. ಅಡುಗೆಮನೆ ಪದ್ಧತಿ ಎಲ್ಲ ಕೇಳಿ ತಿಳಿದುಕೊಂಡರು. “ಒಳ್ಳೇ ಪದ್ಧತಿ. ಲಾರಿಯವರಿಗೂ ಇರಬೇಕಿತ್ತು” ಅಂದರು. ಅವರ ಈ ಗುಣ ನನಗೆ ಇಷ್ಟ. ಹೊಸದು ಕಂಡರೆ ಮೊದಲು ಕಲಿತುಬಿಡುತ್ತಾರೆ. ಮೀನು ಹೋಗಿದ್ದರ ಬೇಜಾರು ಆಮೇಲೆ.

ಎರಡು ವಾರ ಬಿಟ್ಟು ಒಂದು ಬೆಳಗ್ಗೆ ಕೆರೆಯ ಮೇಲೆ ಮಂಜು. ಕೈ ಚಾಚಿದರೆ ಕೈ ಕಾಣಲ್ಲ. ನಾವು ಮೆಲ್ಲಗೆ ಹೋಗುತ್ತಿದ್ದೆವು. ಎದುರಿಗೆ ಏನೋ ಕಪ್ಪಗೆ ಕಂಡಿತು. ಒಂದು ದೋಣಿ, ನಮಗೆ ಬೆನ್ನು ಹಾಕಿ ಒಬ್ಬನೇ ಕೂತಿದ್ದಾನೆ. ನಾವು ಅವನ ಹಿಂದಿನಿಂದ ಸರಿದು ಹೋಗಬೇಕು. ನನ್ನ ಬಾಯಿ ತಡೆಯಲಿಲ್ಲ.

“ಬಿಹೈಂಡ್!”

ಮಂಜಿನೊಳಗಿಂದ, ತಲೆಯೂ ತಿರುಗಿಸದೆ, ಆ ಮನುಷ್ಯ ಕೂಗಿದ: “ಹರ್ಡ್!”

ಓಕ್ಲೆಂಡಿನಲ್ಲಿ ಪಿಜ್ಜಾ ಮಾಡುವವನಂತೆ. ಅವತ್ತು ಅವನಿಗೆ ರಜ.

ಮೊಸರಿನ ಡಬ್ಬಿ

ಯಜಮಾನರ ಫ್ರಿಜ್ಜು ಒಂದು ಸಲ ಕೆಟ್ಟಿತು. ಎರೆಹುಳು ತಣ್ಣಗಿರಬೇಕು, ಇಲ್ಲದಿದ್ದರೆ ಭಾನುವಾರದವರೆಗೆ ಬಾಳಲ್ಲ. “ನಿನ್ನ ಫ್ರಿಜ್ಜಿನಲ್ಲಿ ಇಟ್ಕೋತೀಯಾ?” ಅಂದರು. ಅವರು ಕೇಳಿದ್ದಕ್ಕೆ ಇಲ್ಲ ಅನ್ನಲು ನನಗೆ ಬರಲ್ಲ. ಅವರು ಮಣ್ಣಿನ ಸಮೇತ ತುಂಬಿಕೊಟ್ಟಿದ್ದು ಮೊಸರಿನ ಡಬ್ಬಿಯಲ್ಲಿ. ದೊಡ್ಡದು, ನಮ್ಮವರ ಮನೆಯಲ್ಲೆಲ್ಲ ಇರುತ್ತಲ್ಲ, ಅಂಥದು. ಇಟ್ಟೆ. ಮರೆತೆ.

ಮಗಳು ಕ್ಯಾಂಪ್‌ಬೆಲ್‌ನಲ್ಲಿದ್ದಾಳೆ. ಹದಿನೈದು ದಿನಕ್ಕೊಮ್ಮೆ ಬಂದು ನಾನು ಏನು ತಿಂದೆ, ಏನು ತಿನ್ನಲಿಲ್ಲ ಅಂತ ಫ್ರಿಜ್ಜು ತೆಗೆದು ನೋಡುತ್ತಾಳೆ. ಅವತ್ತು ಶನಿವಾರ ಬಂದಳು. ಅನ್ನ ಕಲಸಿಕೊಡ್ತೀನಿ ಅಂತ ತಟ್ಟೆಗೆ ಬಿಸಿ ಅನ್ನ ಹಾಕಿದಳು. ಡಬ್ಬಿ ತೆಗೆದಳು. ಚಮಚ ಹಾಕಿದಳು.

ಆ ಕೂಗಿಗೆ ಯಜಮಾನರು ಬೇಲಿ ಹಾರಿ ಬಂದರು. ಎಪ್ಪತ್ತೇಳು ವರ್ಷದವರು, ಬೇಲಿ ಹಾರಿ.

“ಅಪ್ಪಾ! ಏನಿದು? ಫ್ರಿಜ್ಜಲ್ಲಿ ಯಾಕಿದೆ? ಆರ್ ಯು ಓಕೆ?”

“ಅದು ಸರ್‌ದು.”

“ಸರ್ ಇದನ್ನ ತಿಂತಾರಾ?”

“ಇಲ್ಲಮ್ಮ. ಮೀನು ತಿನ್ನುತ್ತೆ.”

ಯಜಮಾನರಿಗೆ ಭಾಷೆ ತಿಳಿಯಲಿಲ್ಲ, ವಿಷಯ ತಿಳಿಯಿತು. ನೆಲದ ಮೇಲೆ ಮಂಡಿಯೂರಿ ಒಂದೊಂದೇ ಹುಳು ಹೆಕ್ಕಿ ಡಬ್ಬಿಗೆ ಹಾಕಿದರು. ಪ್ರತಿಯೊಂದಕ್ಕೂ ಮಗಳಿಗೆ ಸಾರಿ ಕೇಳಿದರು.

ಅವರು ಹೋದ ಮೇಲೆ ಮಗಳಿಗೆ ಶುರುವಾಯಿತು. ಫ್ರಿಜ್ಜು ಪೂರ್ತಿ ಕ್ಲೀನು ಮಾಡ್ತೀನಿ ಅಂತ ಚೀಲ ಹಿಡಿದಳು. ಹಳೇ ಚಟ್ನಿ ಹೋಯಿತು. ಮೂರು ಥರದ ಉಪ್ಪಿನಕಾಯಿ ಹೋಯಿತು. ಫ್ರೀಜರಿಗೆ ಕೈ ಹಾಕಿದಳು. ಡಬ್ಬಿ ಕೈಗೆ ಬಂತು.

ನಾನು ಎದ್ದು ನಿಂತೆ. “ಅದನ್ನ ಅಲ್ಲಿಡು.”

ಅವಳು ಚೀಟಿ ಓದಿದಳು. ಅಮ್ಮನ ಅಕ್ಷರದ ಮೇಲೆ ಬೆರಳು ಆಡಿಸಿದಳು. “ಏನಪ್ಪಾ ಇದು?”

“ಅಮ್ಮನ ಮಸಾಲೆ. ನಾನು ಮೀನು ಹಿಡಿದ ದಿನ ತೆಗೀತೀನಿ.”

ಅವಳು ಅದನ್ನು ಎರಡೂ ಕೈಯಲ್ಲಿ ವಾಪಸ್ ಇಟ್ಟಳು. ಬಾಗಿಲು ಹಾಕಿದಳು. ಆಮೇಲೆ ಕಣ್ಣು ಒರೆಸಿಕೊಂಡು ಕೇಳಿದಳು. “ಬೇರೆ ಯಾವ ಡಬ್ಬೀಲಿ ಏನಿದೆ, ಎಲ್ಲ ಈಗ್ಲೇ ಹೇಳ್ಬಿಡಿ.”

ಹನ್ನೊಂದೂವರೆ

ಮೊದಲ ವರ್ಷ ಮೇ ತಿಂಗಳ ಕೊನೆಗೆ ನನ್ನ ಕೋಲಿಗೂ ಒಂದು ಬಿತ್ತು. ಹೇಗೆ ಬಿತ್ತೋ, ನಾನು ಆಗ ಬಾಳೆಹಣ್ಣು ಸುಲಿಯುತ್ತಿದ್ದೆ. ಯಜಮಾನರು ಎದ್ದು ನಿಂತು ಚಪ್ಪಾಳೆ ಹೊಡೆದರು. ದೋಣಿ ಅಲ್ಲಾಡಿತು. ನಾನು ಮೀನನ್ನು ಎದೆಗೆ ಅವುಚಿ ಹಿಡಿದು ದಡಕ್ಕೆ ಬಂದೆ.

ದಡದಲ್ಲಿ ಕೆರೆ ಕಾಯುವ ಸರ್ಕಾರಿ ರೇಂಜರು ನಿಂತಿದ್ದ. ಚಿಕ್ಕ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಜೇಬಲ್ಲಿ ಕಾನೂನಿನ ಪುಸ್ತಕ. ಮನೆಗೆ ಒಯ್ಯಬೇಕಾದರೆ ಮೀನು ಕನಿಷ್ಠ ಹನ್ನೆರಡು ಅಂಗುಲ ಇರಬೇಕು. ಪಟ್ಟಿ ಇಟ್ಟ. “ಹನ್ನೊಂದೂವರೆ.”

“ಬಾಲ ಸ್ವಲ್ಪ ಎಳೆದು ನೋಡಿ ಸರ್.”

ಪಾಪ, ಎಳೆದು ನೋಡಿದ. “ಹನ್ನೊಂದೂವರೆ.”

“ಬಾಯಿ ತೆರೆದಿದ್ರೆ ಇನ್ನೂ ಉದ್ದ ಇರುತ್ತೆ.”

“ಬಾಯಿ ಮುಚ್ಚಿ ಅಳೀಬೇಕು ಅಂತ ಪುಸ್ತಕದಲ್ಲಿದೆ.” ತೆಗೆದು ತೋರಿಸಿಯೂ ತೋರಿಸಿದ.

ಡಬ್ಬಿಯ ವಿಷಯ ಹೇಳಿಬಿಡೋಣ ಅನ್ನಿಸಿತು. ನಾಲಿಗೆ ತುದಿವರೆಗೂ ಬಂತು. ಹೇಳಲಿಲ್ಲ. ಅವನ ಕೆಲಸ ಅವನು ಮಾಡುತ್ತಿದ್ದಾನೆ. ಅರ್ಧ ಅಂಗುಲ ಸುಳ್ಳು ಹೇಳಿ ತಂದ ಮೀನಿಗೆ ಅವಳ ಮಸಾಲೆ ಹಾಕಿದರೆ ಅವಳೇ ಒಪ್ಪುತ್ತಿರಲಿಲ್ಲ. ನೀರಿಗೆ ಬಿಟ್ಟೆ. ಒಂದು ಕ್ಷಣ ನಿಂತು ನೋಡಿ ಹೊರಟುಹೋಯಿತು.

ರೇಂಜರಿಗೂ ಬೇಜಾರಾಯಿತು. ನನ್ನ ಹೆಗಲು ತಟ್ಟಿದ. “ಮುಂದಿನ ಸ್ಪ್ರಿಂಗಿಗೆ ಅದು ಹನ್ನೆರಡು ಆಗಿರುತ್ತೆ. ಬನ್ನಿ.”

ಮುಂದಿನ ಸ್ಪ್ರಿಂಗಿಗೆ ನಾನು ಬಂದೆ. ಅದು ಬರಲಿಲ್ಲ.

ಮುಟ್ಟಬೇಡಿ

ಈ ವರ್ಷ ಏಪ್ರಿಲ್. ಗಾಳಿ ಇರಲಿಲ್ಲ. ಯಜಮಾನರು ಜಿಗ್ಗು ಎತ್ತುತ್ತಾ ಇದ್ದಕ್ಕಿದ್ದಂಗೆ ಕೇಳಿದರು. “ನಿನ್ನ ಹೆಂಡತಿ ಬಗ್ಗೆ ಏನಾದ್ರೂ ಹೇಳು.”

“ಅರವತ್ತು ದಾಟಿದರೂ ಒಂದು ಬಿಳಿ ಕೂದಲಿರಲಿಲ್ಲ ಸರ್.”

“ಅದನ್ನ ನೂರು ಸಲ ಹೇಳಿದೀಯ. ಬೇರೆ ಏನಾದ್ರೂ ಹೇಳು.”

ನಿಜ. ಯಾರು ಕೇಳಿದರೂ ನಾನು ಹೇಳುವುದು ಅದೊಂದೇ. ಅವಳಿದ್ದಾಗಲೂ ಹಾಗೇ. ಯುಗಾದಿಗೆ ನಮ್ಮವರೆಲ್ಲ ಸೇರಿದ ಕಡೆ ಅವಳ ಜಡೆ ತೋರಿಸಿ, “ನೋಡಿ, ಕೊಬ್ಬರಿ ಎಣ್ಣೆ ಬಿಟ್ಟು ಬೇರೇನೂ ಕಾಣದ ತಲೆ” ಅನ್ನುತ್ತಿದ್ದೆ. ಇಂಜಿನಿಯರುಗಳು, ಡಾಕ್ಟರುಗಳು, ಅವರ ಹೆಂಡಂದಿರು, ಎಲ್ಲರಿಗೂ ಹೇಳಿದ್ದೇನೆ. “ಸುಮ್ನಿರಿ” ಅಂತ ಅವಳು ಸೆರಗು ಎಳೆದುಕೊಳ್ಳುತ್ತಿದ್ದಳು. ನಾಚಿಕೆ ಜಾಸ್ತಿ ಅವಳಿಗೆ.

ಅವತ್ತು ಯಜಮಾನರು ಬಿಡಲಿಲ್ಲ. ಅದಕ್ಕೆ ಹೇಳಿದೆ. ಆಚೆ ಕೂತ್ಕಳಿ ಅನ್ನುತ್ತಿದ್ದಿದ್ದು ಹೇಳಿದೆ. ಬೆಳಗ್ಗೆ ಎದೆ ಹಿಡಿದುಕೊಂಡಿದ್ದು ಹೇಳಿದೆ. ಡಬ್ಬಿ ಹೇಳಿದೆ. ಒಂದು ವರ್ಷದಿಂದ ಈ ಮನುಷ್ಯನ ಪಕ್ಕ ಕೂತಿದ್ದರೂ ನನಗೆ ಯಾಕೆ ಮೀನು ಬೇಕು ಅಂತ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಹೇಳುತ್ತಾ ಹೋದೆ. ಕೈ ನಡುಗಲು ಶುರುವಾಯಿತು.

ಯಜಮಾನರು ನನ್ನ ಮುಖ ನೋಡಲಿಲ್ಲ. ನನ್ನ ಕೋಲಿನ ತುದಿ ನೋಡುತ್ತಿದ್ದರು. ಮೆಲ್ಲಗೆ ಅಂದರು. “ಹಾಂ. ಹೀಗೇ. ಹೀಗೇ ಇರಲಿ ಕೈ.”

ಎಳೆಯಿತು.

ಎತ್ತಿದಾಗ ಯಜಮಾನರು ಅದರ ಕಣ್ಣು ನೋಡಿದರು. “ವಾಲೈ ಅಲ್ಲ” ಅಂದರು. ಆಮೇಲೆ, “ಆದರೂ ಪರವಾಗಿಲ್ಲ” ಅಂದರು. ಅವರು ಆ ಮಾತು ಯಾವ ಮೀನಿಗೂ ಅಂದಿದ್ದು ನಾನು ಕೇಳಿರಲಿಲ್ಲ. ದಡದಲ್ಲಿ ರೇಂಜರು ಪಟ್ಟಿ ಇಟ್ಟ. ಹದಿನಾಲ್ಕು. ಇಟ್ಟಿದ್ದನ್ನೇ ಇನ್ನೊಂದು ಸಲ ಇಟ್ಟು, “ಬಾಯಿ ಮುಚ್ಚಿಯೇ ಹದಿನಾಲ್ಕು” ಅಂದ.

ಮಗಳಿಗೆ ಫೋನು ಮಾಡಿದೆ. ಬಂದಳು. ಮೀನು ಉಜ್ಜಿ ತೊಳೆದು ತುಂಡು ಮಾಡಿದೆ. ಹುಣಸೆಹಣ್ಣು ಕಿವುಚಿಟ್ಟೆ. ಈರುಳ್ಳಿ ಕೆಂಪಗೆ ಹುರಿದೆ. ಯಜಮಾನರು ಒಗೆದ ಅಂಗಿ ಹಾಕಿಕೊಂಡು ಬಂದು ಮೇಜಿನ ಮುಂದೆ ಚಮಚ ಹಿಡಿದು ಕೂತರು.

ಡಬ್ಬಿ ತಂದೆ. ಚೀಟಿಯನ್ನು ಹರಿಯದ ಹಾಗೆ ಬಿಡಿಸಿ ಅಂಗಿ ಜೇಬಿಗೆ ಹಾಕಿಕೊಂಡೆ. ರಬ್ಬರ್ ಬ್ಯಾಂಡು ತೆಗೆದೆ. ಕವರು ಬಿಚ್ಚಿದೆ. ಮುಚ್ಚಳ ತೆಗೆದೆ.

ಹಸಿರು ಪುಡಿ.

ಮೂಸಿದೆ. ಕೊತ್ತಂಬರಿ ಅಲ್ಲ. ಮೆಂತ್ಯ ಅಲ್ಲ. ಕರಿಬೇವು ಒಣಗಿಸಿ ಹಾಕಿದ್ದಾಳಾ? ಇದೇ ಇರಬೇಕು ಆ ಇನ್ನರ್ಧ ಅಂತ ಒಂದು ದೊಡ್ಡ ಚಿಟಿಕೆ ನಾಲಿಗೆ ಮೇಲೆ ಹಾಕಿಕೊಂಡೆ. ಹುಲ್ಲು. ಒಗರು. ಇಪ್ಪತ್ತಾರು ವರ್ಷದ ನಾಲಿಗೆ ಸೋತಿತು.

ತಿರುಗಿ ನೋಡಿದರೆ ಮಗಳು ಬಾಯಿಗೆ ಕೈ ಹಿಡಿದು ನಿಂತಿದ್ದಾಳೆ.

“ಅಪ್ಪಾ... ಅದು ಮಸಾಲೆ ಅಲ್ಲ. ಮೆಹಂದಿ.”

“ಕೈಗೆ ಹಚ್ಚೋದಾ?”

“ತಲೆಗೆ.”

“ಯಾರ ತಲೆಗೆ?”

ಅವಳು ಗೋಡೆ ನೋಡಿದಳು. ಸೀಲಿಂಗು ನೋಡಿದಳು. “ಅಮ್ಮಂಗೆ ಫಾರ್ಟಿಗೇ ಫುಲ್ ವೈಟ್ ಆಗಿತ್ತು ಅಪ್ಪ. ನೀವು ಸಂಡೇ ಹೋಟ್ಲಿಗೆ ಹೋದ ತಕ್ಷಣ ಹಚ್ಕೊಳೋಳು. ನೀವು ಬರೋಷ್ಟ್ರಲ್ಲಿ ತೊಳ್ಕೊಂಡು, ಎಣ್ಣೆ ಹಾಕಿ, ಜಡೆ ಹಾಕಿ ಕೂತಿರೋಳು.”

ಭಾನುವಾರ ಹೋಟೆಲಿನಲ್ಲಿ ಜನ ಜಾಸ್ತಿ. ಒಂದು ಭಾನುವಾರವೂ ನಾನು ಮನೆಯಲ್ಲಿರಲಿಲ್ಲ.

“ನಂಗ್ಯಾಕೆ ಹೇಳಲಿಲ್ಲ?”

“‘ನಿಮ್ಮಪ್ಪ ಊರಿಗೆಲ್ಲ ಹೇಳ್ಕಂಡು ತಿರುಗ್ತಾವ್ರೆ ಕಣೆ. ಈಗ ಹೇಳುದ್ರೆ ಅವ್ರ ಮರ್ಯಾದೆ ಏನಾಗ್ಬೇಕು?’ ಅಂತಿದ್ಲು.”

ಯಜಮಾನರು ಚಮಚ ಎತ್ತಿ ಕೇಳಿದರು. “ಏನಂತೆ?”

ನನ್ನ ಅಡುಗೆಮನೆ ಇಂಗ್ಲಿಷಿನಲ್ಲಿ ಹೇಳಿದೆ. ಮಸಾಲಾ ನೋ. ಹೇರ್ ಕಲರ್. ವೈಫ್.

ಅವರು ಯೋಚಿಸಿದರು. “ಅಂದರೆ ಆ ನೂರು ಸಲ ಹೇಳಿದ ಕೂದಲು...”

“ಹೌದು ಸರ್.”

ಅವರು ಮೇಜು ಹಿಡಿದುಕೊಂಡರು. ಮೊದಲು ಗಡ್ಡ ಅಲ್ಲಾಡಿತು, ಆಮೇಲೆ ಮೇಜು ಅಲ್ಲಾಡಿತು. ಮಗಳು ಅವರನ್ನು ನೋಡುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾಳೆ. ನಾನೂ ನಗುತ್ತಿದ್ದೆ ಅಂತ ಆಗ ಗೊತ್ತಾಯಿತು.

“ಮತ್ತೆ ಮಸಾಲೆ ಪುಡಿ ಎಲ್ಲಿ?” ಅಂತ ಕೇಳಿದೆ.

“ಪುಡಿ ಎಲ್ಲಿತ್ತು? ಅಮ್ಮ ಯಾವಾಗ್ಲೂ ಫ್ರೆಶ್ ಆಗಿ ರುಬ್ಬೋಳು. ನಂಗೂ ಹೇಳ್ಕೊಟ್ಟಿಲ್ಲ.”

ನನಗೆ ಗೊತ್ತಿದ್ದ ಅರ್ಧಕ್ಕೆ ನನ್ನದೇ ಅರ್ಧ ಸೇರಿಸಿ ರುಬ್ಬಿದೆ. ಅವಳ ಸಾರು ಆಗಲಿಲ್ಲ. ಅದರ ಪಕ್ಕದ ಮನೆ ಸಾರು ಆಯಿತು. ಯಜಮಾನರು ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು ಮೂರು ಸಲ ಹಾಕಿಸಿಕೊಂಡರು. ಅವಳ ಫೋಟೋ ಮುಂದೆ ಒಂದು ಬಟ್ಟಲು ಇಟ್ಟೆ. ನನ್ನ ಅಡುಗೆಗೆ ಅವಳು ಏನೂ ಅನ್ನದೆ ಇದ್ದಿದ್ದು ಅದೇ ಮೊದಲು.

ಮಗಳು ಹೊರಟಳು. ಯಜಮಾನರು ಹೊರಡಲಿಲ್ಲ. ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಒಳಗೆ ನೋಡುತ್ತಿದ್ದರು. ಕೈ ಗಡ್ಡದ ಮೇಲೆ ಓಡಾಡುತ್ತಿತ್ತು.

“ಇದು ಗಡ್ಡಕ್ಕೂ ಆಗುತ್ತಾ?”

ಜೇಬಿನಲ್ಲಿದ್ದ ಚೀಟಿ ಮುಟ್ಟಿ ನೋಡಿಕೊಂಡೆ. ಯಾರಿಂದ ಮುಚ್ಚಿಟ್ಟಿದ್ದಳೋ ಅವನಿಗೆ ಗೊತ್ತಾಗಿಹೋಗಿದೆ. ಇನ್ನು ಇಟ್ಟು ಏನು ಮಾಡುವುದು? ಟೀ ಡಿಕಾಕ್ಷನ್ ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿದೆ. ಹದ ಮಾತ್ರ ಚೆನ್ನಾಗಿ ಬಂತು. ಅರ್ಧ ಅವರ ಗಡ್ಡಕ್ಕೆ, ಅರ್ಧ ನನ್ನ ತಲೆಗೆ, ಮೀಸೆಗೆ. ಮೇಲೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಇಬ್ಬರೂ ಮೂರು ಗಂಟೆ ಟಿವಿಯಲ್ಲಿ ಬೇಸ್‌ಬಾಲ್ ನೋಡಿದೆವು. ತೊಳೆದೆವು.

ಕಪ್ಪು ಬರಲಿಲ್ಲ. ಉಜ್ಜಿಟ್ಟ ತಾಮ್ರದ ಹಂಡೆ ಬಣ್ಣ ಬಂತು. ಇಬ್ಬರಿಗೂ.

ಮಗಳಿಗೆ ಫೋನು ಮಾಡಿದರೆ ಅವಳಿಗೆ ನಗುವಿನಲ್ಲಿ ಮಾತೇ ಬರುತ್ತಿಲ್ಲ. “ಅದು ಫಸ್ಟ್ ಕೋಟ್ ಅಷ್ಟೇ ಅಪ್ಪಾ! ಅದರ ಮೇಲೆ ನೀಲಿ ಎಲೆ ಪುಡಿ ಹಚ್ಬೇಕು. ಆಗ ಕಪ್ಪಾಗೋದು. ಅಮ್ಮ ಪ್ರತಿ ಸಲ ಎರಡೆರಡು ಸಲ ಹಚ್ಚೋಳು!”

ಭಾನುವಾರ ಬಂತು. ಹೋಗದೆ ಇರಲು ಆಗುತ್ತಾ? ಇಳಿಜಾರಿನಲ್ಲಿ ನಿಂಬೆಹಣ್ಣು ಇಟ್ಟೆವು. ಸಾಲಿನಲ್ಲಿದ್ದ ಯಾರೂ ಏನೂ ಕೇಳಲಿಲ್ಲ, ಇದೂ ಮೀನಿಗೆ ಅಂತ ತಿಳಿದಿರಬೇಕು. ದೋಣಿ ದಡಕ್ಕೆ ತಂದಾಗ ರೇಂಜರು ಬಂದ. ಪೆಟ್ಟಿಗೆ ನೋಡಲಿಲ್ಲ. ಯಜಮಾನರ ಗಡ್ಡ ನೋಡಿದ. ನನ್ನ ಮೀಸೆ ನೋಡಿದ. ಜೇಬಿನಿಂದ ಪುಸ್ತಕ ತೆಗೆದು ನಿಧಾನವಾಗಿ ಹಾಳೆ ತಿರುವಿದ.

“ಈ ಜಾತಿ ನನ್ನ ಪುಸ್ತಕದಲ್ಲಿಲ್ಲ” ಅಂದ. “ಎರಡನ್ನೂ ವಾಪಸ್ ನೀರಿಗೆ ಬಿಡಬೇಕಾಗುತ್ತೆ.”

ಇಪ್ಪತ್ತು ವರ್ಷ, ಎರಡೆರಡು ಸಲ ಹಚ್ಚಿ, ಒಂದು ಭಾನುವಾರವೂ ಸಿಕ್ಕಿಬೀಳದವಳು ಅವಳು. ನಾವು ಗಂಡಸರು ಇಬ್ಬರು ಸೇರಿ ಒಂದೇ ವಾರಕ್ಕೆ ಸಿಕ್ಕಿಬಿದ್ದೆವು.